ಚಿಕ್ಕ ಫೋನುಗಳಲ್ಲಿ ‘ಮುಂದುವರಿಯಿರಿ’ ಬಟನ್ ಕಾಣುತ್ತಿಲ್ಲ: ಪರೀಕ್ಷೆಯಲ್ಲಿ ನಾನು ಎಲ್ಲಿ ತಪ್ಪಿದೆ?

ಕಿರುಪರದೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಾರ್ಯಾಗಾರವೊಂದಕ್ಕೆ ಹೆಸರು ನೋಂದಾಯಿಸಿಕೊಳ್ಳುವ ಜಾಲಪುಟವನ್ನು ಕಳೆದ ತಿಂಗಳು ನಾನೊಬ್ಬನೇ ಕಟ್ಟಿ ಮುಗಿಸಿದೆ. ಹೆಸರು, ಇಮೇಲ್, ವಿಳಾಸ, ಫೋನ್ ಸಂಖ್ಯೆ, ಕೊನೆಗೆ ಫೋನಿಗೆ ಬರುವ ಆರು ಅಂಕಿಯ ಒಟಿಪಿ, ಇಷ್ಟೇ ಅದರಲ್ಲಿರುವುದು. ಮೇಲ್ತುದಿಯ ಶೀರ್ಷಿಕೆಪಟ್ಟಿಯನ್ನೂ ಕೆಳತುದಿಯ ‘ಮುಂದುವರಿಯಿರಿ’ ಬಟನ್ನನ್ನೂ ಅಲುಗದಂತೆ ಅಂಟಿಸಿ, ನಡುವಿನ ಭಾಗ ಮಾತ್ರ ಸ್ಕ್ರಾಲ್ ಆಗುವಂತೆ ಮಾಡಿದ್ದೇನೆ. ಬ್ರೌಸರ್‌ನೊಳಗಿನ ಪರಿಶೀಲನಾ ಸಾಧನವಾದ ಡೆವಲಪರ್ ಟೂಲ್ಸ್‌ನಲ್ಲಿ 375 ಮತ್ತು 412 ಪಿಕ್ಸೆಲ್ ಅಗಲ ಇಟ್ಟು ನೋಡಿದೆ, ಬ್ರೌಸರ್ ಕಿಟಕಿಯನ್ನು ಎಷ್ಟು ಸಾಧ್ಯವೋ ಅಷ್ಟು ಕಿರಿದಾಗಿ ಎಳೆದು ನೋಡಿದೆ, ನನ್ನ ಸ್ವಂತ ಫೋನಿನಲ್ಲೂ ತೆರೆದು ನೋಡಿದೆ. ಎಲ್ಲ ಕಡೆಯೂ ಅಚ್ಚುಕಟ್ಟಾಗಿಯೇ ಇತ್ತು.

ಪುಟ ಬಳಕೆಗೆ ಬಂದ ಎರಡನೆಯ ದಿನದಿಂದ ದೂರುಗಳು ಬರತೊಡಗಿದವು. ಒಬ್ಬರು ‘ಒಟಿಪಿ ತುಂಬಿದ ಮೇಲೆ ಏನು ಮಾಡಬೇಕೆಂದೇ ತಿಳಿಯಲಿಲ್ಲ, ಒತ್ತಲು ಏನೂ ಇರಲಿಲ್ಲ’ ಎಂದು ಬರೆದರು. ಇನ್ನೊಬ್ಬರು ಪುಟ ಅತ್ತಿತ್ತ ಜಾರುತ್ತದೆ ಎಂದರು. ಮೂರನೆಯವರು ಅರ್ಧಕ್ಕೇ ಬಿಟ್ಟು, ನನಗೆ ಕರೆ ಮಾಡಿ ಬಾಯಲ್ಲೇ ವಿವರ ಬರೆಸಿದರು. ಮೂವರದೂ ಚಿಕ್ಕ ಫೋನುಗಳು. ಜನರಿಗೆ ಇಷ್ಟು ತೊಂದರೆ ಕೊಟ್ಟೆನಲ್ಲಾ ಎಂದು ಮನಸ್ಸಿಗೆ ಬಹಳ ಬೇಸರವಾಗಿದೆ. ಚಿಕ್ಕ ಪರದೆಗೆ ಪರೀಕ್ಷೆ ಮಾಡುವುದೆಂದರೆ ನಿಜಕ್ಕೂ ಏನೇನು ಮಾಡಬೇಕು ಎಂಬುದನ್ನು ದಯವಿಟ್ಟು ತಿಳಿಸಿಕೊಡಿ.

ಅಂಚುರೇಖೆ

ಮೊದಲು ಎರಡು ಸಣ್ಣ ವಿಷಯಗಳು. ಕಿಟಕಿಯನ್ನು ಎಳೆದು ಕಿರಿದಾಗಿಸಿದೆ ಎಂದಿರಿ. ಕಂಪ್ಯೂಟರಿನಲ್ಲಿ ಕ್ರೋಮ್ ಕಿಟಕಿ ಸುಮಾರು 500 ಪಿಕ್ಸೆಲ್‌ಗಿಂತ ಕಿರಿದಾಗಲು ಒಪ್ಪುವುದಿಲ್ಲ. ಆದ್ದರಿಂದ ಆ ವಿಧಾನದಲ್ಲಿ ನೀವು ಫೋನಿನ ಅಗಲವನ್ನು ಮುಟ್ಟಿಯೇ ಇಲ್ಲ. ಡೆವಲಪರ್ ಟೂಲ್ಸ್‌ನ ಡಿವೈಸ್ ಮೋಡ್‌ನಲ್ಲಿ, ಅಂದರೆ ಫೋನಿನ ಪರದೆಯನ್ನು ಅನುಕರಿಸುವ ಭಾಗದಲ್ಲಿ, ಅದಕ್ಕಿಂತ ಕೆಳಗೆ ಇಳಿಯಬಹುದು. ಅಲ್ಲಿಯೂ ಪಟ್ಟಿಯಲ್ಲಿರುವ ಎರಡು ಫೋನುಗಳ ಹೆಸರನ್ನು ಆರಿಸಿ ನಿಲ್ಲಿಸಬೇಡಿ. ‘ರೆಸ್ಪಾನ್ಸಿವ್’ ಎಂಬುದನ್ನು ಆರಿಸಿ, ಅಂಚನ್ನು ಹಿಡಿದು 500ರಿಂದ 280ರವರೆಗೆ ನಿಧಾನವಾಗಿ ಎಳೆಯುತ್ತಾ ಬನ್ನಿ. ಒಡೆಯುವ ಪುಟ ಎಲ್ಲಿ ಒಡೆಯುತ್ತದೆ ಎಂಬುದು ಹಾಗೆ ಎಳೆಯುವಾಗ ಕಣ್ಣಿಗೆ ಬೀಳುತ್ತದೆ. 280 ಎಂದದ್ದು ಸುಮ್ಮನೆ ಅಲ್ಲ: ಮಡಚುವ ಫೋನುಗಳ ಮೊದಲ ತಲೆಮಾರಿನ ಗ್ಯಾಲಕ್ಸಿ ಫೋಲ್ಡ್‌ನ ಹೊರಪರದೆಯ ಅಗಲ ಅಷ್ಟೇ.

ಎರಡನೆಯದಾಗಿ, ನಾವು ಇಲ್ಲಿ ಆಡುತ್ತಿರುವುದು ಸಿಎಸ್‌ಎಸ್ ಪಿಕ್ಸೆಲ್‌ಗಳ ಮಾತು. ಸಿಎಸ್‌ಎಸ್ ಎಂದರೆ ಪುಟದ ರೂಪವನ್ನು ಬರೆಯುವ ಭಾಷೆ; ಅದರ ಪಿಕ್ಸೆಲ್ ವಿನ್ಯಾಸದ ಅಳತೆ, ಪರದೆಯ ಬಿಂದುವಲ್ಲ. 2010ರ ಐಫೋನ್ 4ರ ಪರದೆಯಲ್ಲಿ ಅಡ್ಡಕ್ಕೆ 640 ಬಿಂದುಗಳಿದ್ದರೂ ಸಿಎಸ್‌ಎಸ್‌ನ ಪಾಲಿಗೆ ಅದರ ಅಗಲ 2007ರ ಮೊದಲ ಐಫೋನಿನಷ್ಟೇ, ಅಂದರೆ 320. ಪೆಟ್ಟಿಗೆಯ ಮೇಲೆ ಬರೆದಿರುವ ರೆಸಲ್ಯೂಶನ್ ನೋಡಿ ಈ ಫೋನ್ ದೊಡ್ಡದು ಎಂದು ತೀರ್ಮಾನಿಸಬಾರದು.

ಇನ್ನು ನಿಮ್ಮ ಬಟನ್ ವಿಚಾರ. ನಿಮ್ಮ ಫೋನಿನಲ್ಲಿ ಪುಟವನ್ನು ‘ತೆರೆದು ನೋಡಿದೆ’ ಎಂದು ಬರೆದಿದ್ದೀರಿ. ಕೀಬೋರ್ಡ್ ಮೇಲೆದ್ದಿರುವಾಗ ನೋಡಿದ್ದೀರಾ?

ಕಿರುಪರದೆ

ಪ್ರಾಮಾಣಿಕವಾಗಿ ಹೇಳುತ್ತೇನೆ, ಇಲ್ಲ. ಪುಟವನ್ನು ತೆರೆದು ಮೇಲಿಂದ ಕೆಳಗೆ ಸ್ಕ್ರಾಲ್ ಮಾಡಿ ನೋಡಿದೆ, ಅಷ್ಟೇ. ಒಂದು ಬಾರಿಯೂ ನನ್ನ ಹೆಸರನ್ನು ಪೂರ್ತಿ ನೋಂದಾಯಿಸಲಿಲ್ಲ.

ಪರೀಕ್ಷಕಿ

ಹಾಗಾದರೆ ದೂರುಗಳ ಮೂಲ ಬಹುಪಾಲು ಅಲ್ಲಿಯೇ ಇದೆ. ನಾನು ಹಲವು ವರ್ಷಗಳಿಂದ ಜಾಲತಾಣಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ನಾನು ಕಂಡಂತೆ ಚಿಕ್ಕ ಪರದೆಯ ಹೆಚ್ಚಿನ ತೊಂದರೆಗಳು ಅಗಲದಿಂದ ಬರುವುದಿಲ್ಲ, ಎತ್ತರದಿಂದ ಬರುತ್ತವೆ. ಅಗಲವನ್ನು ಎಲ್ಲರೂ ಅಳೆಯುತ್ತಾರೆ, ಏಕೆಂದರೆ ಅದು ಬದಲಾಗುವುದಿಲ್ಲ. ಎತ್ತರ ಹಾಗಲ್ಲ: ವಿಳಾಸಪಟ್ಟಿ ಬರುತ್ತದೆ, ಹೋಗುತ್ತದೆ, ಕೀಬೋರ್ಡ್ ಏಳುತ್ತದೆ, ಅದರ ನೆತ್ತಿಯ ಮೇಲೆ ಸಲಹೆಯ ಪದಗಳ ಸಾಲೊಂದು ಕೂರುತ್ತದೆ. ಡಿವೈಸ್ ಮೋಡ್‌ನಲ್ಲಿ ಇವು ಯಾವುವೂ ಏಳುವುದಿಲ್ಲ. ಅದು ನಿಮಗೆ ಪರದೆಯ ಅಳತೆ, ಪಿಕ್ಸೆಲ್ ಸಾಂದ್ರತೆ, ಸ್ಪರ್ಶದ ಅನುಕರಣೆ ಇಷ್ಟನ್ನು ಕೊಡುತ್ತದೆ; ಒಳಗೆ ಓಡುತ್ತಿರುವುದು ಮಾತ್ರ ನಿಮ್ಮ ಕಂಪ್ಯೂಟರಿನ ಕ್ರೋಮ್ ಎಂಜಿನ್ನೇ. ಪಟ್ಟಿಯಲ್ಲಿ ಐಫೋನ್ ಎಂದು ಆರಿಸಿದ ಮಾತ್ರಕ್ಕೆ ಸಫಾರಿಯ ವೆಬ್‌ಕಿಟ್ ಅಲ್ಲಿಗೆ ಬಂದು ಕೂರುವುದಿಲ್ಲ.

ನಿಮ್ಮ ಬಟನ್ ಪುಟದ ಕೆಳತುದಿಗೆ ‘ಫಿಕ್ಸೆಡ್’ ಆಗಿ ಅಂಟಿಕೊಂಡಿದೆ ಎಂದಿರಿ. ಕೀಬೋರ್ಡ್ ಎದ್ದಾಗ ಐಫೋನಿನ ಸಫಾರಿ ಕಣ್ಣಿಗೆ ಕಾಣುವ ವ್ಯೂಪೋರ್ಟನ್ನು (ಪುಟ ಕಾಣುವ ಚೌಕಟ್ಟನ್ನು) ಮಾತ್ರ ಕಿರಿದಾಗಿಸುತ್ತದೆ, ವಿನ್ಯಾಸದ ಲೆಕ್ಕಕ್ಕೆ ಸಿಗುವ ವ್ಯೂಪೋರ್ಟ್ ಇದ್ದಷ್ಟೇ ಇರುತ್ತದೆ. ಆದ್ದರಿಂದ ‘ಕೆಳತುದಿ’ ಎಂದರೆ ಕೀಬೋರ್ಡಿನ ಹಿಂದಿನ ಜಾಗ, ಬಟನ್ ಅಲ್ಲಿ ಅಡಗಿ ಕೂರುತ್ತದೆ. ಆಂಡ್ರಾಯ್ಡ್‌ನ ಕ್ರೋಮ್ ಮೊದಲು ಬೇರೆ ರೀತಿ ನಡೆದುಕೊಳ್ಳುತ್ತಿತ್ತು. ಕೀಬೋರ್ಡ್ ಎದ್ದರೆ ಇಡೀ ವಿನ್ಯಾಸವೇ ಕುಗ್ಗಿ ಬಟನ್ ಮೇಲೆ ಬರುತ್ತಿತ್ತು. 2022ರ ಕೊನೆಗೆ ಬಂದ 108ನೆಯ ಆವೃತ್ತಿಯಿಂದ ಅದೂ ಸಫಾರಿಯ ಹಾದಿಯನ್ನೇ ಹಿಡಿದಿದೆ. ಈ ಚೌಕಟ್ಟಿನ ಬಗ್ಗೆ ಬ್ರೌಸರ್‌ಗೆ ತಿಳಿಸುವ ವ್ಯೂಪೋರ್ಟ್ ಮೆಟಾ ಟ್ಯಾಗ್‌ನಲ್ಲಿ ‘ಇಂಟರಾಕ್ಟಿವ್-ವಿಜೆಟ್’ ಎಂಬ ಸೂಚನೆಯನ್ನು ಕೊಟ್ಟು ಕ್ರೋಮ್‌ನಲ್ಲಿ ಹಳೆಯ ನಡವಳಿಕೆಯನ್ನು ಮರಳಿ ಪಡೆಯಬಹುದು. ಆದರೆ ಸಫಾರಿಯೂ ಹಾಗೆಯೇ ಕೇಳುತ್ತದೆ ಎಂದು ನಂಬಿ ಪುಟ ಕಟ್ಟಬೇಡಿ.

ದಯವಿಟ್ಟು ಯಾರ ಬಳಿಯಾದರೂ ಹಳೆಯ ಚಿಕ್ಕ ಫೋನೊಂದನ್ನು ಕೇಳಿ ಪಡೆದು, ಒಂದು ಕೈಯಲ್ಲಿ ಹಿಡಿದು, ಮೊದಲ ಅಕ್ಷರದಿಂದ ಕೊನೆಯ ದೃಢೀಕರಣದವರೆಗೆ ನೋಂದಣಿಯನ್ನು ಪೂರ್ತಿ ಮುಗಿಸಿ ನೋಡಿ. ಕಂಡದ್ದನ್ನು ಇಲ್ಲಿ ಬರೆಯಿರಿ, ಮುಂದಿನದನ್ನು ಆಮೇಲೆ ಮಾತಾಡೋಣ.

ಕಿರುಪರದೆ

ಸ್ನೇಹಿತರೊಬ್ಬರ ಮೇಜಿನ ಖಾನೆಯಲ್ಲಿ 2016ರ ಮೊದಲ ಐಫೋನ್ ಎಸ್‌ಇ ಸಿಕ್ಕಿತು. ಅದರ ಪರದೆ 320ಕ್ಕೆ 568. ಹೇಳಿದಂತೆಯೇ ಮೊದಲಿನಿಂದ ಕೊನೆಯವರೆಗೆ ತುಂಬಿದೆ, ಅಥವಾ ತುಂಬಲು ನೋಡಿದೆ ಎನ್ನಬೇಕು.

ಹೆಸರಿನ ಚೌಕವನ್ನು ಮುಟ್ಟಿದ ಕೂಡಲೇ ಪುಟ ತಾನಾಗಿಯೇ ಹಿಗ್ಗಿ ಬಲಬದಿ ಪರದೆಯಿಂದ ಆಚೆ ಹೋಯಿತು. ಎರಡು ಬೆರಳಿನಿಂದ ಮತ್ತೆ ಕುಗ್ಗಿಸಿ ಮುಂದೆ ಸಾಗಿದೆ. ಮುಂದಿನ ಚೌಕದಲ್ಲಿ ಮತ್ತೆ ಹಿಗ್ಗಿತು. ಕೀಬೋರ್ಡ್ ಎದ್ದಾಗ ಉಳಿಯುವ ಎತ್ತರವನ್ನು ವಿಷುಯಲ್ ವ್ಯೂಪೋರ್ಟ್‌ನಿಂದ ಓದಿ ಪರದೆಯ ಮೇಲೆ ಬರೆಸಿದೆ: 568ರಲ್ಲಿ ಉಳಿದದ್ದು ಸುಮಾರು 200 ಪಿಕ್ಸೆಲ್. ನನ್ನ ಶೀರ್ಷಿಕೆಪಟ್ಟಿಯ ಎತ್ತರವೇ 64.

ಒಟಿಪಿಯ ಹಂತ ತಲುಪಿದಾಗ ಆ ಮೊದಲ ದೂರು ಅರ್ಥವಾಯಿತು. ಅಲ್ಲಿ ಏಳುವುದು ಅಂಕಿಗಳ ಕೀಬೋರ್ಡ್. ಅದರಲ್ಲಿ ‘ಗೋ’ ಎಂಬ ಕೀಲಿಯೇ ಇಲ್ಲ. ಆರನೆಯ ಅಂಕಿಯನ್ನು ಒತ್ತಿದ ಮೇಲೆ ಪರದೆಯಲ್ಲಿ ಉಳಿದದ್ದು ಆರು ಪೆಟ್ಟಿಗೆಗಳು ಮತ್ತು ಹತ್ತು ಅಂಕಿಗಳು ಮಾತ್ರ. ಬಟನ್ ಕೀಬೋರ್ಡಿನ ಹಿಂದೆ ಇದೆ ಎಂದು ಕಟ್ಟಿದ ನನಗೆ ಗೊತ್ತು. ಆ ಮಹನೀಯರಿಗೆ ಅದು ಹೇಗೆ ಗೊತ್ತಾಗಬೇಕು? ‘ಒತ್ತಲು ಏನೂ ಇರಲಿಲ್ಲ’ ಎಂದು ಅವರು ಬರೆದದ್ದು ಅಕ್ಷರಶಃ ಸತ್ಯವಾಗಿತ್ತು. ಆರನೆಯ ಪೆಟ್ಟಿಗೆಯಂತೂ ಅರ್ಧ ಮಾತ್ರ ಕಾಣುತ್ತಿತ್ತು.

ಅಂಚುರೇಖೆ

ಆ ಆರನೆಯ ಪೆಟ್ಟಿಗೆಯ ಲೆಕ್ಕ ಹಾಕೋಣ. ಪೆಟ್ಟಿಗೆಗಳ ಅಗಲ, ನಡುವಿನ ಅಂತರ, ಪುಟದ ಅಂಚು ಎಷ್ಟೆಷ್ಟು ಇಟ್ಟಿದ್ದೀರಿ?

ಕಿರುಪರದೆ

ಪೆಟ್ಟಿಗೆ 48, ಅಂತರ 8, ಎರಡೂ ಬದಿಗೆ ಅಂಚು ತಲಾ 16.

ಅಂಚುರೇಖೆ

ಆರು ಪೆಟ್ಟಿಗೆಗೆ 288, ಐದು ಅಂತರಕ್ಕೆ 40, ಒಟ್ಟು 328. ಪರದೆಯ ಅಗಲ 375 ಇದ್ದರೆ ಅಂಚು ಕಳೆದು 343 ಉಳಿಯುತ್ತದೆ, ಸಾಲು ಆರಾಮವಾಗಿ ಕೂರುತ್ತದೆ. 360 ಇದ್ದರೆ ಉಳಿಯುವುದು ಸರಿಯಾಗಿ 328, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. 359ಕ್ಕೆ ಇಳಿದ ಕ್ಷಣ ಸಾಲು ಹೊರಗೆ ಚಾಚುತ್ತದೆ, 320ರಲ್ಲಿ 40 ಪಿಕ್ಸೆಲ್ ಆಚೆ ಹೋಗುತ್ತದೆ. ಪುಟ ಅತ್ತಿತ್ತ ಜಾರುತ್ತದೆ ಎಂಬ ಎರಡನೆಯ ದೂರಿಗೆ ಕಾರಣ ಇದೇ ಇರಬೇಕು. ನೀವು ಪರೀಕ್ಷಿಸಿದ ಎರಡೂ ಅಗಲಗಳು ಈ ಗಡಿಯ ಮೇಲ್ಗಡೆಯೇ ಇದ್ದವು. ಅಂಚನ್ನು ಹಿಡಿದು ಎಳೆಯಿರಿ ಎಂದು ಮೇಲೆ ಹೇಳಿದ್ದು ಇದಕ್ಕಾಗಿಯೇ.

ಇಂಥ ಕಡೆ ಪೆಟ್ಟಿಗೆಗೆ ಗಟ್ಟಿ ಅಗಲ ಕೊಡದೆ ಗ್ರಿಡ್‌ನಲ್ಲಿ (ಜಾಗವನ್ನು ಅಡ್ಡ-ಉದ್ದ ಪಾಲು ಮಾಡುವ ಸಿಎಸ್‌ಎಸ್ ವಿಧಾನ) ಆರು ಸಮಪಾಲು ಮಾಡುವುದು ಸಾಮಾನ್ಯ ಪರಿಹಾರ. ಆದರೆ ಒಂದು ಎಚ್ಚರಿಕೆ ಇರಲಿ. ವಸ್ತುಗಳನ್ನು ಸಾಲಾಗಿ ಜೋಡಿಸುವ ಫ್ಲೆಕ್ಸ್‌ಬಾಕ್ಸ್ ಆಗಲಿ ಗ್ರಿಡ್‌ನ ‘1ಎಫ್‌ಆರ್’ (ಉಳಿದ ಜಾಗದ ಒಂದು ಪಾಲು) ಆಗಲಿ, ಒಳಗಿನ ವಸ್ತುವಿನ ಸಹಜ ಕನಿಷ್ಠ ಅಗಲಕ್ಕಿಂತ ಕೆಳಗೆ ತಾನಾಗಿ ಕುಗ್ಗುವುದಿಲ್ಲ. ಇನ್‌ಪುಟ್ ಚೌಕಕ್ಕೆ ನೀವೇನೂ ಹೇಳದಿದ್ದರೆ ಅದು ಸುಮಾರು 20 ಅಕ್ಷರಗಳಷ್ಟು ಜಾಗವನ್ನು ತನ್ನದೆಂದು ಭಾವಿಸುತ್ತದೆ. ಆದ್ದರಿಂದ ‘ಮಿನ್-ವಿಡ್ತ್’ ಸೊನ್ನೆ ಎಂದು ಬರೆಯಿರಿ, ಗ್ರಿಡ್ ಆದರೆ ‘ಮಿನ್‌ಮ್ಯಾಕ್ಸ್’ನಲ್ಲಿ ಕನಿಷ್ಠವನ್ನು ಸೊನ್ನೆ ಮಾಡಿ. ಇದಕ್ಕಿಂತಲೂ ಒಳ್ಳೆಯದು ಆರು ಪೆಟ್ಟಿಗೆಗಳನ್ನೇ ಕೈಬಿಟ್ಟು ಒಂದೇ ಚೌಕ ಇಡುವುದು. ‘ಒನ್-ಟೈಮ್-ಕೋಡ್’ ಎಂಬ ಆಟೋಕಂಪ್ಲೀಟ್ ಗುಣವನ್ನು ಕೊಟ್ಟರೆ ಸಂದೇಶದಲ್ಲಿ ಬಂದ ಅಂಕಿಗಳನ್ನು ಫೋನೇ ಮುಂದಿಡುತ್ತದೆ, ಒಂದೇ ಸ್ಪರ್ಶದಲ್ಲಿ ತುಂಬಿಬಿಡಬಹುದು.

ಮುಟ್ಟಿದಾಗ ಪುಟ ಹಿಗ್ಗುವುದಕ್ಕೆ ಕಾರಣ ಅಕ್ಷರದ ಗಾತ್ರ. ಚೌಕದೊಳಗಿನ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಐಫೋನಿನ ಸಫಾರಿ ತಾನೇ ಹಿಗ್ಗಿಸುತ್ತದೆ. 16 ಮಾಡಿ, ನಿಲ್ಲುತ್ತದೆ. ಜೂಮ್ ಮಾಡುವುದನ್ನೇ ತಡೆಹಿಡಿಯುವ ಹಳೆಯ ಉಪಾಯವನ್ನು ಮಾತ್ರ ಬಳಸಬೇಡಿ. ಅಕ್ಷರ ಕಾಣದವರ ಕೈಯನ್ನು ಕಟ್ಟಿಹಾಕಿದಂತಾಗುತ್ತದೆ.

ತೂಕಮಾಪಕ

ಚರ್ಚೆ ಉಪಯುಕ್ತವಾಗಿದೆ, ಆದರೆ ಒಂದು ಆಕ್ಷೇಪವನ್ನು ದಾಖಲಿಸಬೇಕೆನಿಸುತ್ತದೆ. ಇಂದು ಮಾರಾಟವಾಗುವ ಫೋನುಗಳು ಬಹುಮಟ್ಟಿಗೆ 360ರಿಂದ 430 ಅಗಲದವು. ನಾನು ನೋಡಿಕೊಳ್ಳುವ ತಾಣದ ಅಂಕಿಅಂಶಗಳಲ್ಲಿ 320ರ ಪರದೆಗಳು ಕಾಣುವುದೇ ಅಪರೂಪ. ಸಣ್ಣ ತಂಡಗಳಿಗೆ ಸಮಯವೂ ಕಡಿಮೆ. 360ಕ್ಕೆ ಗೆರೆ ಎಳೆದು ಅಲ್ಲಿಗೆ ನಿಲ್ಲಿಸುವುದು ತಪ್ಪೇ?

ಓದುಗಸ್ನೇಹಿ

ತಮ್ಮ ಪ್ರಶ್ನೆ ನ್ಯಾಯವಾದದ್ದು, ಆದರೆ 320 ಎಂಬುದು ಹಳೆಯ ಫೋನುಗಳ ಅಂಕಿ ಮಾತ್ರವಲ್ಲ. ನನ್ನ ತಂದೆಯವರ ಫೋನ್ ಎರಡು ವರ್ಷದ್ದು, ಪರದೆ ನನ್ನದಕ್ಕಿಂತ ದೊಡ್ಡದು. ಕಣ್ಣು ಮಂದವಾದ ಮೇಲೆ ಅವರು ಆಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ‘ಡಿಸ್‌ಪ್ಲೇ ಸೈಜ್’ ಅನ್ನು ಗರಿಷ್ಠಕ್ಕೆ ಏರಿಸಿಕೊಂಡರು. ಹಾಗೆ ಮಾಡಿದಾಗ ಪ್ರತಿಯೊಂದು ವಸ್ತುವೂ ದೊಡ್ಡದಾಗಿ ಕಾಣುತ್ತದೆ, ಅಂದರೆ ಬ್ರೌಸರ್‌ಗೆ ಸಿಗುವ ಸಿಎಸ್‌ಎಸ್ ಅಗಲ ಅಷ್ಟೇ ಕಡಿಮೆಯಾಗುತ್ತದೆ. ಅವರ ಫೋನ್ ಈಗ ಜಾಲಪುಟಗಳ ಮಟ್ಟಿಗೆ ಒಂದು ಚಿಕ್ಕ ಫೋನ್. ಯಾವ ಅಂಗಡಿಯ ಮಾರಾಟದ ಲೆಕ್ಕದಲ್ಲಿಯೂ ಅದು ಚಿಕ್ಕ ಫೋನ್ ಎಂದು ಬರುವುದಿಲ್ಲ.

ಜಾಲಪುಟಗಳ ಸುಲಭಬಳಕೆಯ ಮಾರ್ಗಸೂಚಿಯ 2.1ನೆಯ ಆವೃತ್ತಿ 2018ರಲ್ಲಿ ಬಂದಾಗ, ಪುಟದ ಪಠ್ಯ 320 ಸಿಎಸ್‌ಎಸ್ ಪಿಕ್ಸೆಲ್ ಅಗಲದಲ್ಲಿಯೂ ಅಡ್ಡ ಸ್ಕ್ರಾಲ್ ಇಲ್ಲದೆ ಹರಿಯಬೇಕು ಎಂಬ ನಿಯಮವನ್ನು ಅದರಲ್ಲಿ ಸೇರಿಸಿದರು. ನಕ್ಷೆ, ದೊಡ್ಡ ಕೋಷ್ಟಕ ಮುಂತಾದವಕ್ಕೆ ವಿನಾಯಿತಿ ಇದೆ. ಆ 320 ಬಂದದ್ದು ಎಲ್ಲಿಂದ ಗೊತ್ತೇ? 1280 ಪಿಕ್ಸೆಲ್ ಅಗಲದ ಕಂಪ್ಯೂಟರ್ ಪರದೆಯನ್ನು 400 ಪ್ರತಿಶತ ಹಿಗ್ಗಿಸಿದರೆ ಉಳಿಯುವುದು ಅಷ್ಟೇ. ಚಿಕ್ಕ ಫೋನ್ ಹಿಡಿದವರೂ, ದೊಡ್ಡ ಪರದೆಯ ಮುಂದೆ ಹಿಗ್ಗಿಸಿಕೊಂಡು ಓದುವವರೂ ಒಂದೇ ವಿನ್ಯಾಸವನ್ನು ನೋಡುತ್ತಾರೆ. ಫೋನಿನಲ್ಲಿ ಎರಡು ಆ್ಯಪ್‌ಗಳನ್ನು ಅಕ್ಕಪಕ್ಕ ತೆರೆದಿಟ್ಟವರ ಪಾಡೂ ಅದೇ.

ಅಂಕಿಅಂಶಗಳ ಬಗ್ಗೆ ಒಂದು ಮಾತು. ಮೇಲೆ ಹೇಳಿದ ಮೂರನೆಯ ದೂರುದಾರರು ಪುಟವನ್ನು ಅರ್ಧಕ್ಕೇ ಬಿಟ್ಟು ಕರೆ ಮಾಡಿದರು. ನೋಂದಣಿ ಮುಗಿಸಿದವರ ಪಟ್ಟಿಯನ್ನು ಮಾತ್ರ ನೋಡಿದರೆ ಅವರು ಅದರಲ್ಲಿ ಇರುವುದೇ ಇಲ್ಲ. ಬರಲಾಗದವರನ್ನು ಎಣಿಸದೆ ‘ಬಂದವರಲ್ಲಿ ಅಂಥವರು ಕಡಿಮೆ’ ಎಂದು ಹೇಳುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ತೂಕಮಾಪಕ

ಡಿಸ್‌ಪ್ಲೇ ಸೈಜ್ ವಿಚಾರ ನನ್ನ ಗಮನಕ್ಕೆ ಬಂದಿರಲಿಲ್ಲ. ಈಗತಾನೇ ನನ್ನ ಫೋನಿನಲ್ಲಿಯೇ ಏರಿಸಿ ನೋಡಿದೆ, ನಮ್ಮ ತಾಣದ ಮೇಲಿನ ಮೆನು ಎರಡು ಸಾಲಾಗಿ ಒಡೆದು ಲೋಗೋ ಮೇಲೆ ಬಿದ್ದಿದೆ. ಆಕ್ಷೇಪವನ್ನು ಹಿಂತೆಗೆದುಕೊಳ್ಳುತ್ತೇನೆ.

ಕನ್ನಡಪುಟ

ನಮ್ಮ ಲಿಪಿಗೆ ಸಂಬಂಧಿಸಿದ ಒಂದು ಅಂಶವನ್ನು ಸೇರಿಸಲು ಬಯಸುತ್ತೇನೆ. ಇಂಗ್ಲಿಷಿನ ‘ನೆಕ್ಸ್ಟ್’ ನಾಲ್ಕೇ ಅಕ್ಷರದ ಪದ, ‘ಮುಂದುವರಿಯಿರಿ’ ಅದಕ್ಕಿಂತ ಎಷ್ಟೋ ಅಗಲ. ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ ‘ದೂರವಾಣಿಸಂಖ್ಯೆಯನ್ನು’ ಎಂಬಂಥ ಒಂದೇ ಪದ ಚಿಕ್ಕ ಪರದೆಯ ಅರ್ಧ ಸಾಲನ್ನು ನುಂಗುತ್ತದೆ. ಬಟನ್‌ನಲ್ಲಿ ಸಾಲು ಮುರಿಯದಂತೆ ‘ನೋವ್ರ್ಯಾಪ್’ ಹಾಕಿದ್ದರೆ ತೆಗೆಯಿರಿ, ‘ಓವರ್‌ಫ್ಲೋ-ವ್ರ್ಯಾಪ್’ ಅನ್ನು ‘ಎನಿವೇರ್’ ಎಂದು ಕೊಡಿ.

ಎತ್ತರದ್ದೂ ಒಂದು ಕಥೆ ಇದೆ. ‘ರಾಷ್ಟ್ರ’, ‘ವೈಶಿಷ್ಟ್ಯ’ ಎಂಬ ಪದಗಳನ್ನು ನಿಮ್ಮ ಬಟನ್ನಿನೊಳಗೆ ಇಟ್ಟು ನೋಡಿ. ಸಾಲಿನ ಎತ್ತರವನ್ನು 1 ಎಂದಿಟ್ಟು, ಬಟನ್ನಿಗೆ ಗಟ್ಟಿ ಎತ್ತರ ಕೊಟ್ಟು, ಹೊರಗೆ ಚಾಚಿದ್ದನ್ನು ಮರೆಮಾಡಿದ್ದರೆ ಕೆಳಗಿನ ಒತ್ತಕ್ಷರಗಳ ಪಾದ ಕತ್ತರಿಸಿಹೋಗುತ್ತದೆ. ಇಂಗ್ಲಿಷ್ ಪದಗಳನ್ನಿಟ್ಟು ವಿನ್ಯಾಸ ಮಾಡಿದವರಿಗೆ ಇದು ಎಂದೂ ಕಾಣುವುದಿಲ್ಲ. ನಾನು 1.5ಕ್ಕಿಂತ ಕಡಿಮೆ ಇಡುವುದಿಲ್ಲ. ಪರೀಕ್ಷೆಗೆ ‘ಅಆಇಈ’ ಎಂದು ಟೈಪಿಸದೆ ನಿಜವಾದ, ಉದ್ದನೆಯ ಹೆಸರು ಮತ್ತು ವಿಳಾಸಗಳನ್ನೇ ತುಂಬಿ.

ಕಿರುಪರದೆ

ಎಲ್ಲರಿಗೂ ಧನ್ಯವಾದಗಳು. ತಿದ್ದಲು ಕುಳಿತಿದ್ದೇನೆ. ಒಂದು ಸಂದೇಹ: ನಡುವಿನ ಭಾಗಕ್ಕೆ 100ವಿಎಚ್, ಅಂದರೆ ವ್ಯೂಪೋರ್ಟಿನ ಪೂರ್ತಿ ಎತ್ತರ ಕೊಟ್ಟಿದ್ದೆ. ಅದನ್ನು 100ಡಿವಿಎಚ್ ಎಂದು ಬದಲಿಸಿದರೆ ಬಟನ್ನಿನ ಸಮಸ್ಯೆ ಬಗೆಹರಿಯುತ್ತದೆಯೇ?

ಪರೀಕ್ಷಕಿ

ಅರ್ಧ ಮಾತ್ರ. ವಿಎಚ್ ಎಂಬುದು ವಿಳಾಸಪಟ್ಟಿ ಕುಗ್ಗಿದ ಮೇಲೆ ಸಿಗುವ ದೊಡ್ಡ ಎತ್ತರವನ್ನು ಲೆಕ್ಕಕ್ಕೆ ಹಿಡಿಯುತ್ತದೆ, ಆದ್ದರಿಂದ ಪಟ್ಟಿ ಪೂರ್ತಿ ತೆರೆದಿರುವಾಗ ಪುಟದ ಕೆಳಭಾಗ ಪರದೆಯಿಂದ ಆಚೆ ಉಳಿಯುತ್ತದೆ. ಅದನ್ನು ಸರಿಪಡಿಸಲೆಂದೇ ಎಸ್‌ವಿಎಚ್ (ಪಟ್ಟಿ ತೆರೆದಿರುವಾಗಿನ ಚಿಕ್ಕ ಎತ್ತರ), ಎಲ್‌ವಿಎಚ್ (ಪಟ್ಟಿ ಕುಗ್ಗಿದಾಗಿನ ದೊಡ್ಡ ಎತ್ತರ), ಡಿವಿಎಚ್ (ಆಯಾ ಕ್ಷಣದ ಎತ್ತರ) ಎಂಬ ಮಾನಗಳು ಬಂದವು. 2022ರಲ್ಲಿ ಮೂರೂ ಮುಖ್ಯ ಬ್ರೌಸರ್‌ಗಳು ಅವನ್ನು ಅಳವಡಿಸಿಕೊಂಡವು. ಆದರೆ ಕೀಬೋರ್ಡ್ ಎದ್ದದ್ದು ಡಿವಿಎಚ್‌ನ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಬಹಳ ಜನ ತಪ್ಪಾಗಿ ತಿಳಿದಿದ್ದಾರೆ.

ನನ್ನ ಸಲಹೆ ಸರಳವಾಗಿದೆ: ಬಟನ್ನನ್ನು ಅಂಟಿಸಬೇಡಿ. ಕೊನೆಯ ಚೌಕದ ಕೆಳಗೆ, ಪುಟದ ಹರಿವಿನಲ್ಲಿಯೇ ಇಡಿ. ಒಳಗಿನ ಪ್ರತ್ಯೇಕ ಸ್ಕ್ರಾಲನ್ನು ತೆಗೆದು ಇಡೀ ಪುಟವೇ ಸ್ಕ್ರಾಲ್ ಆಗಲಿ. ಒಟಿಪಿಯ ಹಂತವನ್ನು ಬೇರೆ ಪುಟ ಮಾಡಿದರೆ ಶೀರ್ಷಿಕೆ, ಒಂದು ಚೌಕ, ಅದರ ಕೆಳಗೇ ಬಟನ್ ಇಷ್ಟೂ ಆ 200 ಪಿಕ್ಸೆಲ್‌ನೊಳಗೆ ಕೂರುತ್ತವೆ. ಬಟನ್ ಬೆರಳಿಗೆ ಸಿಗುವಷ್ಟು ದೊಡ್ಡದಿರಲಿ. ಮಾರ್ಗಸೂಚಿಯ 2.2ನೆಯ ಆವೃತ್ತಿ ಹೇಳುವ ಕನಿಷ್ಠ 24 ಪಿಕ್ಸೆಲ್. ಆಪಲ್ 44 ಎನ್ನುತ್ತದೆ, ಆಂಡ್ರಾಯ್ಡ್‌ನವರು 48 ಎನ್ನುತ್ತಾರೆ. ನಾನು 48ನ್ನೇ ಹಿಡಿಯುತ್ತೇನೆ, ಏಕೆಂದರೆ ನಡೆಯುತ್ತಾ ಒಂದೇ ಹೆಬ್ಬೆರಳಿನಿಂದ ಒತ್ತುವವರಿಗೆ 24 ಸಾಲುವುದಿಲ್ಲ.

ಇನ್ನು ಪರೀಕ್ಷೆಯ ಕ್ರಮ. ಅಗಲವನ್ನು ಎಳೆದು ನೋಡಲು, ಹೊರಚಾಚಿದ ಅಂಶವನ್ನು ಹುಡುಕಲು ಡಿವೈಸ್ ಮೋಡ್‌ನಷ್ಟು ಚುರುಕಾದದ್ದು ಬೇರೆ ಇಲ್ಲ. ಪ್ರತಿಯೊಂದು ಅಂಶಕ್ಕೂ ಕೆಂಪು ‘ಔಟ್‌ಲೈನ್’ ಹಾಕಿಬಿಟ್ಟರೆ ಯಾವುದು ಅಂಚು ದಾಟಿದೆ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ಕೀಬೋರ್ಡ್, ವಿಳಾಸಪಟ್ಟಿ, ಸ್ಪರ್ಶ, ವೇಗ ಇವಕ್ಕೆ ನಿಜವಾದ ಫೋನೇ ಬೇಕು. ಬಹಳ ಫೋನುಗಳೇನೂ ಬೇಡ. ಒಂದು ಚಿಕ್ಕ ಐಫೋನ್, ಒಂದು ಕಡಿಮೆ ಮೆಮೊರಿಯ ಆಂಡ್ರಾಯ್ಡ್ ಇದ್ದರೆ ನನ್ನ ಅನುಭವದಲ್ಲಿ ಬಹುಪಾಲು ದೋಷಗಳು ಹೊರಬೀಳುತ್ತವೆ. ಆಂಡ್ರಾಯ್ಡ್ ಫೋನಿನಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ತೆರೆದು ಕೇಬಲ್‌ನಿಂದ ಜೋಡಿಸಿದರೆ, ಫೋನಿನಲ್ಲಿರುವ ಪುಟವನ್ನು ಕಂಪ್ಯೂಟರಿನ ಕ್ರೋಮ್‌ನಿಂದಲೇ ಪರಿಶೀಲಿಸಬಹುದು. ಐಫೋನಿಗೂ ಅದೇ ಸೌಲಭ್ಯವಿದೆ, ಅದಕ್ಕೆ ಮ್ಯಾಕ್‌ನ ಸಫಾರಿ ಬೇಕಾಗುತ್ತದೆ. ಆಮೇಲೆ ಅಕ್ಷರದ ಗಾತ್ರವನ್ನೂ ಡಿಸ್‌ಪ್ಲೇ ಸೈಜನ್ನೂ ಗರಿಷ್ಠಕ್ಕೆ ಏರಿಸಿ ಅದೇ ಕೆಲಸವನ್ನು ಇನ್ನೊಮ್ಮೆ ಪೂರ್ತಿ ಮುಗಿಸಿ. ಸಾಧ್ಯವಾದರೆ ಪುಟವನ್ನು ಎಂದೂ ನೋಡದವರ ಕೈಗೆ ಫೋನ್ ಕೊಟ್ಟು, ನೀವು ಬಾಯಿ ಬಿಡದೆ ಪಕ್ಕದಲ್ಲಿ ಕುಳಿತು ನೋಡಿ.

ಕಿರುಪರದೆ

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಬಟನ್ ಈಗ ಚೌಕದ ಕೆಳಗೇ ಇದೆ, ಒಟಿಪಿಗೆ ಒಂದೇ ಚೌಕ, ಅಕ್ಷರ 16. ಅಂಚನ್ನು 500ರಿಂದ 280ರವರೆಗೆ ಎಳೆದಾಗ ಎಲ್ಲಿಯೂ ಅಡ್ಡ ಸ್ಕ್ರಾಲ್ ಬರುತ್ತಿಲ್ಲ. ಕೆಂಪು ಗೆರೆ ಹಾಕಿ ನೋಡಿದಾಗ ಇನ್ನೊಂದು ಅಪರಾಧಿಯೂ ಸಿಕ್ಕಿತು: ಪುಟದ ಅಡಿಯಲ್ಲಿ ಬರೆದಿದ್ದ ನನ್ನದೇ ಉದ್ದನೆಯ ಇಮೇಲ್ ವಿಳಾಸ.

ಕರೆ ಮಾಡಿ ವಿವರ ಬರೆಸಿದ್ದ ಆ ಮೂರನೆಯವರನ್ನು ಕೇಳಿಕೊಂಡು, ಅವರದೇ ಫೋನಿನಲ್ಲಿ ಇನ್ನೊಮ್ಮೆ ತುಂಬಿಸಿದೆ. ಸಲಹೆಯಂತೆ ನಾನು ಬಾಯಿ ಬಿಡಲಿಲ್ಲ. ವಿಳಾಸ ಬರೆಯುವಾಗ ಅವರು ಫೋನನ್ನು ಅಡ್ಡಲಾಗಿ ತಿರುಗಿಸಿದರು. ಆಗ ಕೀಬೋರ್ಡ್ ಮತ್ತು ನನ್ನ ಅಂಟಿದ ಶೀರ್ಷಿಕೆಪಟ್ಟಿಯ ನಡುವೆ ಚೌಕವೇ ಕಾಣದೆ ಹೋಯಿತು. ಅವರು ಏನೂ ಹೇಳದೆ ಫೋನನ್ನು ಮತ್ತೆ ನೆಟ್ಟಗೆ ಹಿಡಿದು ಮುಂದುವರಿದರು, ನೋಂದಣಿ ಮುಗಿಯಿತು. ಎತ್ತರ 480ಕ್ಕಿಂತ ಕಡಿಮೆ ಇದ್ದಾಗ ಶೀರ್ಷಿಕೆಪಟ್ಟಿ ಅಂಟದೆ ಪುಟದೊಂದಿಗೇ ಸರಿಯುವಂತೆ ಒಂದು ಮೀಡಿಯಾ ಕ್ವೆರಿ ಬರೆದಿದ್ದೇನೆ. ನಾಳೆ ಅದೇ ಎಸ್‌ಇ ಫೋನನ್ನು ಅಡ್ಡ ಹಿಡಿದು ಮೊದಲಿನಿಂದ ತುಂಬಿ ನೋಡುತ್ತೇನೆ.